ಆಡಿಟ್ ಆಕ್ಷೇಪಣೆ ಹದಿನಾಲ್ಕಕ್ಕೆ ವಿವರಣೆ

ಮಾನ್ಯರೇ,
ದೊಡ್ಡಿಯ ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡಕ್ಕೂ
ಇನ್ನೂರ ಹದಿಮೂರಕ್ಕೂ ನಡುವೆ
ಸಂಖ್ಯೆಯಿಲ್ಲದ ಸಾಲೊಂದು ಇರುಕಿಕೊಂಡಿದೆ,
ಬಣ್ಣ ಎಂಬಲ್ಲಿ 'ಇನ್ನೂ ಒದ್ದೆ' ಎಂದಿದೆ,
ಉಳಿದದ್ದೆಲ್ಲ ಖಾಲಿ, ಯಾಕೆ ಎಂದು ಕೇಳಿದ್ದೀರಿ.

ಒಂಬತ್ತು ಕಾಲಂ ನಮ್ಮದು.
ಹಿಡಿದ ದಿನ, ಹಿಡಿದ ಜಾಗ, ಜಾತಿ
(ಪಕ್ಕದಲ್ಲಿ 'ಪ್ರಾಣಿಯದ್ದು' ಎಂದು
ನನಗಿಂತ ಮೊದಲಿದ್ದವರು ಪೆನ್ಸಿಲಿನಲ್ಲಿ ಸೇರಿಸಿದ್ದಾರೆ),
ಬಣ್ಣ, ಕೊಂಬು, ಕಿವಿಯ ಗುರುತು,
ವಾರಸುದಾರರು, ದಂಡ, ಬಿಟ್ಟ ದಿನ.
ಹನ್ನೊಂದು ವರ್ಷ ಇದೇ ಗೆರೆಗಳ ನಡುವೆ
ಮಂಗಳೂರಿನ ಅಲೆದಾಟವನ್ನು ಕಟ್ಟಿ ಹಾಕಿದ್ದೇನೆ.
ಮದುವೆ ಕುದುರೆಯೊಂದು ಬಂದಿತ್ತು, ಕುತ್ತಿಗೆಯಲ್ಲಿ ಜರಿ ಹಾಗೆಯೇ;
ಬಾವುಟಗುಡ್ಡೆಯ ಇಳಿಜಾರಿನಲ್ಲಿ
ಮೂರು ಸಿಟಿ ಬಸ್ಸು ನಿಲ್ಲಿಸಿದ ಬಾತುಕೋಳಿ ಬಂದಿತ್ತು.
ಕೊಂಬು: ಇಲ್ಲ. ಕಿವಿಯ ಗುರುತು: ಕಿವಿ ಕಾಣಲಿಲ್ಲ.
ಆಗ ನೀವು ಏನೂ ಕೇಳಿರಲಿಲ್ಲ.

ಮಂಗಳವಾರ ಹುಟ್ಟಿದವನು ಅಂಗಾರ,
ಮಂಗಳವಾರ ನಸುಕಿಗೇ ಹಗ್ಗ ಹಾಕಿ ತಂದ
ಒಂದು ಬಿಳಿ ಹಸುವನ್ನು. ಕುದ್ರೋಳಿ ತಿರುವು, ನಡುರಸ್ತೆ.
ಬಂದರಿನಿಂದ ಹೊರಟ ಮೀನಿನ ಲಾರಿಗಳು
ದಾರಿಯುದ್ದಕ್ಕೂ ನೀರು ಸುರಿಸುತ್ತಾ ಹೋಗುತ್ತವಲ್ಲ,
ಅದು ಒಣಗಿದಲ್ಲಿ ಟಾರಿನ ಮೇಲೆ ಉಪ್ಪು.
ಹಸು ಉಪ್ಪು ನೆಕ್ಕುತ್ತಿತ್ತು.
ಹಾಗೆಂದು ಬರೆಯಲು ಕಾಲಂ ಇಲ್ಲ.
ಹೊಟ್ಟೆ ನೋಡಿದೆ. ಅದಕ್ಕೂ ಇಲ್ಲ.

ನಿಯಮ ತಮಗೆ ಗೊತ್ತೇ ಇದೆ:
ಏಳು ದಿನ ಕಾಯುವುದು, ಎಂಟನೆಯ ದಿನ ಹರಾಜು.
ಮುರಕಲ್ಲಿನ ಗೋಡೆ, ಸೋರುವ ಮರಿಗೆ,
ಟೆಂಡರಿನ ಹುಲ್ಲು, ಆ ಹುಲ್ಲಿಗೆ ಸೀಮೆಎಣ್ಣೆಯ ವಾಸನೆ.
ಆರು ದಿನ ಅದು ಬಾಗಿಲ ಕಡೆಗೇ ತಲೆ ಇಟ್ಟು ನಿಂತಿತ್ತು.

ಭಾನುವಾರ ರಾತ್ರಿ ಕಾವಲಿನ ಮಮ್ಮುಂಞಿ ಫೋನು ಮಾಡಿದ.
"ಸಾರ್, ಒಂದು ಹೆಚ್ಚಾಯ್ತು."
"ಎಂತದು ಹೆಚ್ಚಾಯ್ತು?"
"ತಲೆ."

ಸೋಮವಾರ ಬೆಳಿಗ್ಗೆ ಬೊಕ್ಕಪಟ್ಣದ ಅಪ್ಪಿಯಕ್ಕ ಬಂದರು.
ಹೆಜಮಾಡಿಯಲ್ಲಿ ಮಗಳ ಬಾಣಂತನವಂತೆ,
ಹಸುವನ್ನು ನೋಡಿಕೊಳ್ಳಲು ಹೇಳಿ ಹೋದ ಹುಡುಗ
ನೋಡಿದ್ದು ಕ್ರಿಕೆಟ್ಟು.
"ಬೊಲ್ಲೇ" ಎಂದರು ಅಷ್ಟೇ.
ಹಸು ತಿರುಗಿತು. ವಾರಸುದಾರಿಕೆಯ ದಾಖಲೆ
ಇದಕ್ಕಿಂತ ದೊಡ್ಡದು ನನ್ನ ಕಪಾಟಿನಲ್ಲಿ ಇಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಫೋನಿನಲ್ಲಿ ಹೇಳಿದರು:
"ಎರಡು ತಲೆ, ಎರಡು ದಂಡ. ನಾಳೆ ಆಡಿಟ್ಟು ಕೇಳ್ತದೆ."
ಪೆನ್ನು ತೆರೆದೆ. ಕೆಳಗಿನ ಸಾಲಿನಲ್ಲಿ ಆಗಲೇ
ಬೋಳಾರದ ಆಡು ಕೂತಾಗಿತ್ತು,
ಎರಡು ಗೆರೆಯ ಸಂದಿಯಲ್ಲಿ ಚಿಕ್ಕದಾಗಿ ಸುರು ಮಾಡಿದೆ.
ಹಿಡಿದ ಜಾಗ?
ಹಿಡಿದವರು ಯಾರು, ಓಡಿದ್ದು ಎಲ್ಲಿಂದ?
ಅಪ್ಪಿಯಕ್ಕ ಕಿಟಿಕಿಯಿಂದ ಬಗ್ಗಿ ನೋಡಿ ನಕ್ಕರು.
"ಕಂಜಿ ರಸ್ತೆ ನೋಡಿಯೇ ಇಲ್ಲ ಮಾರ್ರೆ.
ಹುಟ್ಟಿದ್ದು ನಿಮ್ಮ ಮನೆಯಲ್ಲಿ.
ಲೆಕ್ಕ ಹೇಳಿದರೆ ಹಾಲು ಬೆಲ್ಲಕ್ಕೆ ನನಗೇ ನೀವು ಕೊಡ್ಬೇಕು."
ನಾನು ಬಣ್ಣ ನೋಡಲು ಎದ್ದು ಹೋದೆ.
ಬೊಲ್ಲೆ ನೆಕ್ಕುತ್ತಲೇ ಇತ್ತು. ಕಂಡದ್ದನ್ನು ಬರೆದೆ.
ಮುಂದೆ ಬರೆಯಲು ಆಗಲಿಲ್ಲ.

ತಾಯಿಯ ದಂಡ ಪೂರ್ತಿ ಜಮೆಯಾಗಿದೆ, ರಶೀದಿ ಲಗತ್ತಿಸಿದೆ.
ನೋಟುಗಳಿಗೆ ಒಣಮೀನಿನ ವಾಸನೆ ಇದ್ದುದಾಗಿ
ಕ್ಯಾಷಿಯರ್ ಬಾಯಿಮಾತಿನಲ್ಲಿ ಆಕ್ಷೇಪಿಸಿದ್ದಾರೆ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ.
ಬಾಗಿಲು ತೆರೆದಾಗ ಹಸು ಹೊರಟಿತು, ಕರು ಹೊರಡಲಿಲ್ಲ.
ಅದಕ್ಕೆ ಅದು ದೊಡ್ಡಿ ಎಂದು ಯಾರೂ ಹೇಳಿರಲಿಲ್ಲ.
ಕೊನೆಗೆ ಅಂಗಾರನೇ ಎತ್ತಿ ಹೆಗಲಿಗೇರಿಸಿಕೊಂಡು
ರಸ್ತೆ ದಾಟಿಸಿದ, ಹಗ್ಗವಿನ್ನೂ ಸೊಂಟದಲ್ಲಿ.
ನಡುರಸ್ತೆಯಲ್ಲಿ ಬೊಲ್ಲೆ ನಿಂತಿತು,
ತಲೆ ತಗ್ಗಿಸಿತು,
ನಾಲಗೆ ಹೊರಗೆ ಹಾಕಿತು.
ಹಿಂದೆ ಒಂದು ಲಾರಿ ಹಾರ್ನು ಹೊಡೆಯಿತು.
ಅಂಗಾರ ತಿರುಗಿ ನನ್ನನ್ನು ನೋಡಿದ.

ನಾನು ಆಗ
ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.